ಕಿವಿಗೊಪ್ಪುವ, ಕಿಸೆಗೊಪ್ಪುವ ಹೆಡ್‌ಫೋನು

ಪಾದರಕ್ಷೆಯನ್ನು ಕೊಳ್ಳಲು ಅಂಗಡಿಗೆ ಹೋದವರು ಅದನ್ನು ಕಾಲಿಗೆ ತೊಟ್ಟು, ನಾಲ್ಕು ಹೆಜ್ಜೆ ನಡೆದು, ಹೆಬ್ಬೆರಳು ಒತ್ತುತ್ತದೆಯೇ, ಹಿಮ್ಮಡಿ ಕಚ್ಚುತ್ತದೆಯೇ ಎಂದು ಪರೀಕ್ಷಿಸಿದ ಹೊರತು ಹಣ ತೆರುವುದಿಲ್ಲ. ಕನ್ನಡಕ ಕೊಳ್ಳುವಾಗಲಂತೂ ಕನ್ನಡಿಯ ಮುಂದೆ ಅರ್ಧ ಗಂಟೆ ಕಳೆಯುತ್ತದೆ. ಆದರೆ ದಿನಕ್ಕೆ ಆರೆಂಟು ಗಂಟೆಗಳ ಕಾಲ ಎರಡು ಕಿವಿಗಳನ್ನೂ ನೆತ್ತಿಯನ್ನೂ ಹಿಡಿದುಕೊಂಡಿರಬೇಕಾದ ಹೆಡ್‌ಫೋನನ್ನು ಮಾತ್ರ, ಪೆಟ್ಟಿಗೆಯ ಮೇಲಿನ ಚಿತ್ರವನ್ನು ನೋಡಿ, ಪಕ್ಕದ ಮನೆಯ ಹುಡುಗನ ಶಿಫಾರಸನ್ನು ನಂಬಿ ನಾವು ತರಿಸಿಬಿಡುತ್ತೇವೆ. ಕಿವಿಗೊಡುವುದು, ಕಿವಿಮಾತು ಹೇಳುವುದು, ಕಿವಿ ಹಿಂಡುವುದು, ಕಿವಿ ಚುಚ್ಚುವುದು ಎಂದು ಕಿವಿಯ ಸುತ್ತ ಇಷ್ಟೊಂದು ಮಾತುಗಳನ್ನು ಕಟ್ಟಿಕೊಂಡಿರುವ ಕನ್ನಡಿಗರು ಅದರ ಸುಖದುಃಖದ ವಿಚಾರದಲ್ಲಿ ಇಷ್ಟು ಉದಾಸೀನರಾಗಿರುವುದು ಸೋಜಿಗವೇ ಸರಿ.

ಈ ವಿಷಯವನ್ನು ಕುರಿತು ನಾನು ಯೋಚಿಸುವಂತಾದುದು ನನ್ನ ತಂಗಿಯ ದೆಸೆಯಿಂದ. ಆಕೆ ಬೆಂಗಳೂರಿನಲ್ಲಿ ಎರಡು ಕೋಣೆಯ ಬಾಡಿಗೆಯ ಮನೆಯಲ್ಲಿದ್ದುಕೊಂಡು, ಅಮೆರಿಕದ ವೈದ್ಯರು ತಮ್ಮ ರೋಗಿಗಳನ್ನು ಕುರಿತು ಧ್ವನಿಮುದ್ರಿಸಿದ ಟಿಪ್ಪಣಿಗಳನ್ನು ಕೇಳಿ ಬರಹಕ್ಕಿಳಿಸುವ ಕೆಲಸ ಮಾಡುತ್ತಾಳೆ. ಈಚೆಗೆ ಮೊದಲ ಕರಡನ್ನು ಯಂತ್ರವೇ ಸಿದ್ಧಪಡಿಸುತ್ತದೆ. ಅದರ ತಪ್ಪುಗಳನ್ನು ಕೇಳಿ ತಿದ್ದುವ ಹೊಣೆ ಮಾತ್ರ ಮನುಷ್ಯರ ಕಿವಿಗೆ ಉಳಿದಿದೆ. ಈ ಹೊಣೆ ಸಣ್ಣದಲ್ಲ. ಇಂಗ್ಲಿಷಿನಲ್ಲಿ ‘ಫಿಫ್ಟೀನ್’ ಎಂಬುದಕ್ಕೂ ‘ಫಿಫ್ಟಿ’ ಎಂಬುದಕ್ಕೂ ಇರುವ ಅಂತರ ಕಡೆಯಲ್ಲಿ ಬರುವ ಒಂದು ಅನುನಾಸಿಕವಷ್ಟೆ. ಆದರೆ ಔಷಧದ ಪ್ರಮಾಣವನ್ನು ಬರೆಯುವಾಗ ಹದಿನೈದಕ್ಕೂ ಐವತ್ತಕ್ಕೂ ಇರುವ ಅಂತರವೇನೆಂಬುದನ್ನು ವಿವರಿಸಬೇಕಾಗಿಲ್ಲ. ಪಕ್ಕದ ಕೋಣೆಯಲ್ಲಿ ಅತ್ತೆಯವರ ಧಾರಾವಾಹಿ, ಅಡುಗೆಮನೆಯಲ್ಲಿ ಕುಕ್ಕರಿನ ಸಿಳ್ಳು, ಬೀದಿಯಲ್ಲಿ ತರಕಾರಿಯ ಗಾಡಿಯ ಧ್ವನಿವರ್ಧಕ. ಇವುಗಳ ನಡುವೆ ಆ ಅನುನಾಸಿಕವನ್ನು ಆಕೆ ಹಿಡಿಯಬೇಕು. ಕಚೇರಿಯಿಂದ ಬಂದಿದ್ದ ಅಗ್ಗದ ಹೆಡ್‌ಫೋನು ಮಧ್ಯಾಹ್ನದ ಹೊತ್ತಿಗೆ ಕಿವಿಯ ಅಂಚನ್ನು ಕೆಂಪಗಾಗಿಸುತ್ತಿತ್ತು. ಸಂಜೆಯ ಹೊತ್ತಿಗೆ ಕಣತಲೆ ಸಿಡಿಯುತ್ತಿತ್ತು. ಅದರ ತಯಾರಕರು ಯಾರೆಂಬುದು ಇಲ್ಲಿ ಅಪ್ರಸ್ತುತ. “ಅಣ್ಣ, ಕೆಲಸ ಬಿಡುವ ಹಾಗಿಲ್ಲ, ಇದನ್ನು ತೊಡುವ ಹಾಗೂ ಇಲ್ಲ” ಎಂದು ಆಕೆ ದೂರವಾಣಿಯಲ್ಲಿ ಹೇಳಿದಾಗ ಆ ದನಿಯಲ್ಲಿ ವಿನೋದವಿರಲಿಲ್ಲ. ಹೊಸತಕ್ಕಾಗಿ ಆಕೆ ಎತ್ತಿಟ್ಟಿದ್ದ ಹಣ ಮೂರು ಸಾವಿರ ರೂಪಾಯಿ.

ತಲೆಗೆ ಪಟ್ಟಿಯಿರುವ ಹೆಡ್‌ಫೋನುಗಳಲ್ಲಿ ಎರಡು ಜಾತಿ. ಕಿವಿಯ ಮೇಲೆಯೇ ಕುಳಿತುಕೊಳ್ಳುವುದು ಒಂದು. ಕಿವಿಯನ್ನು ಇಡಿಯಾಗಿ ಒಳಗೆ ಸೇರಿಸಿಕೊಂಡು ಅದರ ಸುತ್ತ ತಲೆಯ ಮೇಲೆ ಕುಳಿತುಕೊಳ್ಳುವುದು ಇನ್ನೊಂದು. ಚಿತ್ರದಲ್ಲಿ ನೋಡಿದಾಗ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ; ತೊಟ್ಟಾಗ ಅಜಗಜಾಂತರ. ನಮ್ಮ ಹೊರಗಿವಿ ತೆಳುವಾದ ಚರ್ಮವನ್ನು ಹೊದ್ದ ಮೆಲ್ಲೆಲುಬು. ಕೆಳಗಿನ ಹಾಲೆಯೊಂದನ್ನು ಬಿಟ್ಟರೆ ಅದರಲ್ಲಿ ಮೆತ್ತನೆಯ ಮಾಂಸವಿಲ್ಲ. ಅದನ್ನು ತಲೆಬುರುಡೆಗೆ ಒತ್ತಿ ಹಿಡಿದರೆ ನೋವಾಗದೆ ಗತ್ಯಂತರವಿಲ್ಲ. ತಂಗಿಯ ಹಳೆಯ ಹೆಡ್‌ಫೋನು ಮೊದಲನೆಯ ಜಾತಿಯದು. ಅರ್ಧ ಗಂಟೆಯ ಸಂಗೀತಕ್ಕೆ ಅದು ಸಾಕಾದೀತು. ಎಂಟು ಗಂಟೆಯ ದುಡಿಮೆಗೆ ಎರಡನೆಯ ಜಾತಿಯೇ ಆಗಬೇಕು.

ಹೆಡ್‌ಫೋನೆಂಬುದು ಮೊದಲು ಹುಟ್ಟಿದ್ದೇ ದುಡಿಯುವವರಿಗಾಗಿ ಎಂಬುದನ್ನು ಇಲ್ಲಿ ನೆನೆಯಬಹುದು. 1910ರ ಸುಮಾರಿನಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ನಥಾನಿಯಲ್ ಬಾಲ್ಡ್ವಿನ್ ಎಂಬಾತ ತನ್ನ ಮನೆಯಲ್ಲಿ ಕೂಡಿಸಿದ ಒಂದು ಜೊತೆಯನ್ನು ಆ ದೇಶದ ನೌಕಾಪಡೆಗೆ ಕಳುಹಿಸಿದನು. ನೌಕಾಪಡೆಯವರು ಮೆಚ್ಚಿ ಹೆಚ್ಚು ಬೇಕೆಂದು ಕೇಳಿದಾಗ, ತನ್ನ ಅಡುಗೆಮನೆಯಲ್ಲಿ ಒಂದು ಸಲಕ್ಕೆ ಹತ್ತನ್ನಷ್ಟೇ ಮಾಡಬಲ್ಲೆನೆಂದು ಆತ ಉತ್ತರವಿತ್ತನಂತೆ. ಆಗ ಅವುಗಳನ್ನು ತೊಡುತ್ತಿದ್ದವರು ಹಡಗಿನ ನಿಸ್ತಂತು ನೌಕರರು. ಮುಂದೆ 1958ರಲ್ಲಿ ಮಿಲ್ವಾಕೀ ನಗರದ ಜಾನ್ ಕಾಸ್ ಎಂಬುವರು ಎರಡು ಕಿವಿಗೆ ಎರಡು ಬೇರೆ ಧ್ವನಿಗಳನ್ನು ಕೊಡುವ ಸ್ಟೀರಿಯೋ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದ ಮೇಲೆಯೇ ಇದು ಮನೆಯೊಳಗೆ ಸಂಗೀತ ಕೇಳುವ ಸಾಧನವಾದದ್ದು. 2020ರ ಸೋಂಕಿನ ಕಾಲದಿಂದೀಚೆಗೆ ನಮ್ಮ ಮನೆಗಳು ಪಾಠಶಾಲೆಗಳೂ ಕಚೇರಿಗಳೂ ಆಗಿ, ಹೆಡ್‌ಫೋನು ಮತ್ತೆ ದುಡಿಮೆಯ ಉಪಕರಣವಾಗಿದೆ. ಕೊಳ್ಳುವ ನಾವು ಮಾತ್ರ ಇನ್ನೂ ಅದನ್ನು ಆಟದ ಸಾಮಾನೆಂದೇ ಭಾವಿಸಿ ಬಣ್ಣವನ್ನು ನೋಡುತ್ತೇವೆ.

ಅಂಗಡಿಗೆ ಹೊರಡುವ ಮುನ್ನ ಕಿವಿಯನ್ನು ಅಳೆದುಕೊಂಡು ಹೋಗುವುದು ಒಳ್ಳೆಯದು. ಇದನ್ನು ಕೇಳಿ ತಂಗಿ ನಕ್ಕಳು. ಆದರೆ ಮಗನ ಜ್ಯಾಮಿತಿಯ ಪೆಟ್ಟಿಗೆಯಿಂದ ಅಳತೆಪಟ್ಟಿಯನ್ನೂ ಆಕೆಯೇ ತಂದಳು. ವಯಸ್ಕರ ಕಿವಿ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಆರು ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ಅಗಲ ಅದರ ಅರ್ಧಕ್ಕಿಂತ ತುಸು ಹೆಚ್ಚು. ಹೆಡ್‌ಫೋನಿನ ಮೆತ್ತೆಯ ನಡುವಿನ ತೆರಪು ಇದಕ್ಕಿಂತ ದೊಡ್ಡದಾಗಿರಬೇಕು. ಅಗ್ಗದ ಹಲವು ಹೆಡ್‌ಫೋನುಗಳು ಹೊರಗಿನಿಂದ ದೊಡ್ಡ ಬಟ್ಟಲಿನಂತೆ ಕಂಡರೂ ಒಳಗಿನ ತೆರಪು ಕಾಫಿಯ ಬಟ್ಟಲಿನ ತಳದಷ್ಟಿರುತ್ತದೆ. ಇದಕ್ಕಿಂತಲೂ ಹೆಚ್ಚಾಗಿ ಮೋಸ ಹೋಗುವುದು ಆಳದಲ್ಲಿ. ಕಿವಿ ತಲೆಗೆ ಅಂಟಿಕೊಂಡಿಲ್ಲ. ಎರಡು ಸೆಂಟಿಮೀಟರಿನಷ್ಟು ಹೊರಕ್ಕೆ ಚಾಚಿಕೊಂಡಿರುತ್ತದೆ. ಮೆತ್ತೆ ತೆಳುವಾಗಿದ್ದರೆ ಕಿವಿಯ ಅಂಚು ಒಳಗಿನ ಗಟ್ಟಿಯಾದ ಜಾಲರಿಗೆ ತಾಗುತ್ತದೆ. ತೊಟ್ಟ ಮೊದಲ ಐದು ನಿಮಿಷ ಇದು ತಿಳಿಯುವುದಿಲ್ಲ. ಮೂವತ್ತನೆಯ ನಿಮಿಷದಲ್ಲಿ ಇದೊಂದೇ ತಿಳಿಯುತ್ತದೆ.

ಮನೆಯ ಹಿರಿಯರಿಗಾಗಿ ಕೊಳ್ಳುವವರು ಇನ್ನಷ್ಟು ದೊಡ್ಡ ತೆರಪನ್ನು ನೋಡಬೇಕು. ವಯಸ್ಸಾದಂತೆ ಕಿವಿ ದೊಡ್ಡದಾಗುತ್ತದೆಂಬ ಅಜ್ಜಿಯರ ಮಾತು ಬರಿಯ ಮಾತಲ್ಲ. 1995ರಲ್ಲಿ ಇಂಗ್ಲೆಂಡಿನ ಹೀತ್‌ಕೋಟ್ ಎಂಬ ವೈದ್ಯರು ಇನ್ನೂರಕ್ಕೂ ಮಿಕ್ಕ ರೋಗಿಗಳ ಕಿವಿಗಳನ್ನು ಅಳೆದು, ವರ್ಷಕ್ಕೆ ಸರಾಸರಿ 0.22 ಮಿಲಿಮೀಟರಿನಷ್ಟು ಅದು ಉದ್ದವಾಗುತ್ತದೆಂದು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಮೂವತ್ತರಿಂದ ಎಪ್ಪತ್ತಕ್ಕೆ ಬರುವಷ್ಟರಲ್ಲಿ ಸುಮಾರು ಒಂಬತ್ತು ಮಿಲಿಮೀಟರು! ಮಗನಿಗೆ ಹಿತವಾದದ್ದು ತಂದೆಗೆ ಒತ್ತುವುದರಲ್ಲಿ ಆಶ್ಚರ್ಯವೇನಿದೆ?

ಇನ್ನು ಹಿಡಿತದ ಮಾತು. ತಲೆಪಟ್ಟಿ ಎರಡು ಬದಿಯಿಂದಲೂ ಒಳಕ್ಕೆ ಒತ್ತುವುದರಿಂದಲೇ ಹೆಡ್‌ಫೋನು ತಲೆಯ ಮೇಲೆ ನಿಲ್ಲುವುದು. ಆ ಒತ್ತಡ ಕಡಮೆಯಾದರೆ ಬಗ್ಗಿದೊಡನೆ ಜಾರಿ ಬೀಳುತ್ತದೆ. ಹೆಚ್ಚಾದರೆ ತಲೆಯನ್ನು ಇಕ್ಕಳದಲ್ಲಿ ಸಿಕ್ಕಿಸಿದಂತಾಗುತ್ತದೆ. ಇದರಲ್ಲಿ ಹೆಚ್ಚು ಕಷ್ಟಪಡುವವರು ಕನ್ನಡಕದವರು. ಕನ್ನಡಕದ ಕಡ್ಡಿ ಕಿವಿಯ ಮೇಲಿನ ಬುರುಡೆಗೂ ಮೆತ್ತೆಗೂ ನಡುವೆ ಸಿಕ್ಕಿಕೊಂಡು ಕಣತಲೆಯನ್ನು ಅರೆಯುತ್ತದೆ. ಅಷ್ಟೇ ಅಲ್ಲ, ಕಡ್ಡಿಯ ಪಕ್ಕದಲ್ಲಿ ಉಳಿಯುವ ಸಂದಿನಿಂದ ಒಳಗಿನ ಮಂದ್ರಸ್ವರಗಳು ಸೋರಿಹೋಗುತ್ತವೆ, ಹೊರಗಿನ ಗದ್ದಲ ಒಳಗೆ ಬರುತ್ತದೆ. ಕನ್ನಡಕವಿರುವವರು ಕನ್ನಡಕವನ್ನು ತೊಟ್ಟೇ ಹೆಡ್‌ಫೋನನ್ನು ಪರೀಕ್ಷಿಸಬೇಕು. ಅವರಿಗೆ ಮೆತ್ತೆ ಸ್ವಲ್ಪ ದಪ್ಪವಾಗಿಯೂ ಮೃದುವಾಗಿಯೂ ಇರಬೇಕು. ಒತ್ತಿದರೆ ನಿಧಾನವಾಗಿ ತಗ್ಗಿ, ಬಿಟ್ಟರೆ ನಿಧಾನವಾಗಿ ಮೇಲೇಳುವ ‘ಮೆಮೊರಿ ಫೋಮ್’ ಎಂಬ ಮೆತ್ತೆ ಇದ್ದರೆ ಕಡ್ಡಿಯ ಸುತ್ತ ತಾನೇ ಆಕಾರ ತಾಳುತ್ತದೆ. 1960ರ ದಶಕದಲ್ಲಿ ಅಮೆರಿಕದ ನಾಸಾ ಸಂಸ್ಥೆಯವರು ವಿಮಾನದ ಆಸನಗಳಿಗೆಂದು ರೂಪಿಸಿದ ಈ ವಸ್ತು ಇಂದು ದಿಂಬುಗಳಿಗೂ ಬಂದಿರುವುದನ್ನು ಓದುಗರು ಬಲ್ಲರು.

ಹೊಸ ಹೆಡ್‌ಫೋನು ಬಿಗಿಯಾಗಿದ್ದರೆ ಅದನ್ನು ತಲೆಗಿಂತ ತುಸು ಅಗಲವಾದ ಪುಸ್ತಕಗಳ ಅಟ್ಟಿಗೆ ರಾತ್ರಿಯೆಲ್ಲ ತೊಡಿಸಿಡುವ ಉಪಾಯವೊಂದಿದೆ. ಒಳಗೆ ಉಕ್ಕಿನ ಪಟ್ಟಿಯಿರುವಂಥವಕ್ಕೆ ಇದು ನಿಜವಾಗಿಯೂ ಫಲಿಸುತ್ತದೆ. ಬರಿಯ ಪ್ಲಾಸ್ಟಿಕ್ಕಿನದಾದರೆ ಬೆಳಗಿನ ಹೊತ್ತಿಗೆ ಎರಡು ತುಂಡು ಸಿಕ್ಕಲೂಬಹುದು; ಆ ಸಾಹಸ ಬೇಡ. ನನ್ನ ಸಹೋದ್ಯೋಗಿಯೊಬ್ಬರು ಇದಕ್ಕೆ ಕಿಟ್ಟೆಲರ ನಿಘಂಟನ್ನೇ ಬಳಸುತ್ತಾರೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಮಹಾಗ್ರಂಥ ಕನ್ನಡಕ್ಕೆ ಸಲ್ಲಿಸಿರುವ ಸೇವೆಗಳಲ್ಲಿ ಇದೂ ಒಂದೆಂದು ಅವರ ವಾದ.

ತೂಕವನ್ನು ಪೆಟ್ಟಿಗೆಯ ಮೇಲೆ ಅಚ್ಚು ಮಾಡಿರುತ್ತಾರೆ, ಯಾರೂ ಓದುವುದಿಲ್ಲ. ಇನ್ನೂರೈವತ್ತು ಗ್ರಾಮಿನೊಳಗಿದ್ದರೆ ಒಳ್ಳೆಯದು. ಇನ್ನೂರೈವತ್ತು ಗ್ರಾಮೆಂದರೆ ಕಾಲು ಕಿಲೋ ಕಾಫಿಪುಡಿಯ ಪೊಟ್ಟಣ. ಅದನ್ನು ನೆತ್ತಿಯ ಮೇಲಿಟ್ಟುಕೊಂಡು ದಿನವೆಲ್ಲ ಕುಳಿತಿರುವುದನ್ನು ಕಲ್ಪಿಸಿಕೊಂಡರೆ ಐವತ್ತು ಗ್ರಾಮು ಹೆಚ್ಚುಕಡಮೆಯ ಬೆಲೆ ತಿಳಿಯುತ್ತದೆ. ತೂಕದಷ್ಟೇ ಮುಖ್ಯವಾದದ್ದು ಅದು ಹಂಚಿಕೆಯಾಗುವ ರೀತಿ. ನೆತ್ತಿಯ ಮೇಲೆ ಒಂದೇ ಬಿಂದುವಿನಲ್ಲಿ ಕೂರುವ ಪಟ್ಟಿಗಿಂತ ಅಗಲವಾಗಿ ಹರಡಿಕೊಂಡು ಕೂರುವ ಪಟ್ಟಿ ಲೇಸು. ಬಿಗಿಯಾಗಿ ಜಡೆ ಹೆಣೆಯುವವರೂ, ತುರುಬು ಕಟ್ಟುವವರೂ ತಾವು ಎಂದಿನಂತೆ ತಲೆ ಬಾಚಿಕೊಂಡೇ ಇದನ್ನು ನೋಡಬೇಕು.

ನಾವಿಬ್ಬರೂ ಒಂದು ಶನಿವಾರ ಎಸ್. ಪಿ. ರಸ್ತೆಗೆ ಹೋದೆವು. ಬೆಂಗಳೂರಿನಲ್ಲಿ ವಿದ್ಯುನ್ಮಾನ ಸಾಮಗ್ರಿಗೆ ಆ ಬೀದಿಯನ್ನು ಬಿಟ್ಟರಿಲ್ಲ. ಮೊದಲ ಅಂಗಡಿಯಾತ ಪೆಟ್ಟಿಗೆಯ ಅಂಟುಪಟ್ಟಿಯನ್ನು ಬಿಚ್ಚಲು ಒಪ್ಪಲಿಲ್ಲ. ನಾವು ಮುಂದೆ ನಡೆದೆವು. ಎರಡನೆಯ ಅಂಗಡಿಯ ಹಿರಿಯರು ಮಾದರಿಗೆಂದು ಇಟ್ಟಿದ್ದ ಐದಾರನ್ನು ಮೇಜಿನ ಮೇಲೆ ಹರಡಿ, “ಹಾಕಿಕೊಂಡು ಕೂತಿರಿ ಮೇಡಂ, ಅವಸರ ಇಲ್ಲ. ಸುಮ್ಮನೆ ಕೂರೋದಕ್ಕೆ ನಾನು ಜಿಎಸ್‌ಟಿ ಹಾಕೋದಿಲ್ಲ” ಎಂದರು. ತಂಗಿ ಒಂದೊಂದನ್ನೂ ಹದಿನೈದು ನಿಮಿಷ ತೊಟ್ಟು, ತಲೆಯಾಡಿಸಿ, ಬಗ್ಗಿ ನೆಲದ ಮೇಲಿನ ಚೀಲವನ್ನೆತ್ತಿ, ಮೆತ್ತೆಯ ಅಂಚಿನಲ್ಲಿ ಬೆರಳಾಡಿಸಿ ಎಲ್ಲಿ ಸಂದು ಉಳಿದಿದೆಯೆಂದು ನೋಡಿದಳು. ಕಡೆಗೆ ತನ್ನ ಫೋನಿನಲ್ಲಿ ಮಾತಿನ ಮುದ್ರಣವೊಂದನ್ನು ಹಾಕಿ ಕೇಳಿದಳು. ಇದು ನನಗೆ ಬಹಳ ಮೆಚ್ಚುಗೆಯಾಯಿತು. ಅಂಗಡಿಯಲ್ಲಿ ಕೇಳಿಸುವ ಹಾಡುಗಳೆಲ್ಲ ಡೋಲಿನ ಗುಡುಗಿನಿಂದ ಗಿರಾಕಿಯನ್ನು ಮರುಳುಮಾಡುವಂಥವು. ತಾನು ದಿನವೂ ಕೇಳುವುದೇನೋ ಅದನ್ನೇ ಹಾಕಿ ಕೇಳಬೇಕು. ಸಂಗೀತಪ್ರಿಯರಾದರೆ ತಮಗೆ ಚೆನ್ನಾಗಿ ಪರಿಚಿತವಾದ ಒಂದು ವೀಣೆಯ ಇಲ್ಲವೆ ಕೊಳಲಿನ ಕಛೇರಿಯನ್ನು ಕೇಳಲಿ; ತಂಬೂರಿಯ ಶ್ರುತಿ ಕಲಸಿಹೋಗದೆ ನಿಲ್ಲುತ್ತದೆಯೇ ಎಂಬುದೊಂದರಿಂದ ಬಹಳಷ್ಟು ತಿಳಿಯುತ್ತದೆ.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ನಂಬಿ ಮರುಳಾಗಬೇಕಿಲ್ಲ. 20ರಿಂದ 20,000 ಹರ್ಟ್ಸ್ ಎಂದು ಎಲ್ಲ ಪೆಟ್ಟಿಗೆಗಳ ಮೇಲೂ ಇರುತ್ತದೆ. ಎಳೆಯ ವಯಸ್ಸಿನ ಆರೋಗ್ಯವಂತ ಕಿವಿ ಕೇಳಬಲ್ಲ ವ್ಯಾಪ್ತಿಯೇ ಅದು. ನಡುವಯಸ್ಸು ದಾಟಿದವರಿಗೆ ಅದರ ಮೇಲಿನ ಭಾಗ ಎಂತಿದ್ದರೂ ಕೇಳಿಸದು. ನಲವತ್ತು ಮಿಲಿಮೀಟರು, ಐವತ್ತು ಮಿಲಿಮೀಟರು ಎಂದು ಒಳಗಿನ ಧ್ವನಿತಟ್ಟೆಯ ಅಳತೆಯನ್ನು ಘೋಷಿಸುವುದೂ ಇದೆ. ತಟ್ಟೆ ದೊಡ್ಡದಾದ ಮಾತ್ರಕ್ಕೆ ಊಟ ರುಚಿಯಾಗುವುದಿಲ್ಲ. ನೋಡಬೇಕಾದ ಅಂಕಿ ಒಂದಿದೆ: ತಂತಿಯ ಹೆಡ್‌ಫೋನಿನ ಓಮ್ ಸಂಖ್ಯೆ. ಅದು ಮೂವತ್ತರ ಆಸುಪಾಸಿನಲ್ಲಿದ್ದರೆ ಸಾಮಾನ್ಯವಾಗಿ ಫೋನೂ ಕಂಪ್ಯೂಟರೂ ಅದನ್ನು ಸಲೀಸಾಗಿ ನುಡಿಸಬಲ್ಲವು. ಇನ್ನೂರೈವತ್ತು ಓಮಿನದು ಧ್ವನಿಮುದ್ರಣ ಶಾಲೆಗಳ ಸಲಕರಣೆ. ಫೋನಿಗೆ ಸಿಕ್ಕಿಸಿದರೆ ಪಿಸುಗುಟ್ಟುತ್ತದೆ.

ತಂತಿಯೋ, ನಿಸ್ತಂತುವೋ? ಮೇಜಿನ ಮುಂದೆ ಕುಳಿತು ಕೆಲಸ ಮಾಡುವವರಿಗೆ ಮೂರು ಸಾವಿರದೊಳಗೆ ತಂತಿಯದೇ ಮೇಲೆಂಬುದು ನನ್ನ ಅಭಿಪ್ರಾಯ. ಅದರಲ್ಲಿ ಬ್ಯಾಟರಿಯಿಲ್ಲ, ಆದ್ದರಿಂದ ತೂಕವೂ ಕಡಮೆ, ಬ್ಯಾಟರಿ ಮುದಿಯಾಯಿತೆಂದು ಇಡೀ ಸಾಧನವನ್ನು ಎಸೆಯುವ ಪ್ರಮೇಯವೂ ಇಲ್ಲ. ಕೊಟ್ಟ ಹಣ ಮೆತ್ತೆಗೂ ಧ್ವನಿಗೂ ಹೋಗುತ್ತದೆಯೇ ವಿನಾ ರೇಡಿಯೋ ಬಿಡಿಭಾಗಗಳಿಗಲ್ಲ. ತಂತಿ ಬಟ್ಟಲಿನಿಂದ ಕಳಚಿಕೊಳ್ಳುವಂತಿದ್ದರೆ ಇನ್ನೂ ಉತ್ತಮ, ಏಕೆಂದರೆ ಮೊದಲು ಕೆಡುವುದು ಅದೇ. ಇಂದಿನ ಅನೇಕ ಫೋನುಗಳಲ್ಲಿ ಹೆಡ್‌ಫೋನಿನ ತೂತೇ ಇಲ್ಲವೆಂಬುದನ್ನು ಮಾತ್ರ ಮರೆಯಬಾರದು; ಅಂಥವರು ಒಂದು ಸಣ್ಣ ಸೇರುವೆಯನ್ನೂ ಕೊಳ್ಳಬೇಕಾಗುತ್ತದೆ. ಆನ್‌ಲೈನ್ ಪಾಠಕ್ಕೆ, ಕಚೇರಿಯ ಸಭೆಗೆ ಬೇಕೆಂದರೆ ಮೈಕು ಇದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಸಂಗೀತಕ್ಕೆಂದು ಮಾಡಿದ ಒಳ್ಳೆಯ ಹೆಡ್‌ಫೋನುಗಳು ಎಷ್ಟೋ ಮೂಗ. ಮನೆಯೊಳಗೆ ಓಡಾಡುತ್ತ ಕೆಲಸ ಮಾಡುವ ಗೃಹಿಣಿಯರಿಗೂ, ಬಸ್ಸಿನಲ್ಲಿ ದೂರ ಹೋಗುವವರಿಗೂ ನಿಸ್ತಂತುವೇ ಅನುಕೂಲ. ರಸ್ತೆ ದಾಟುವಾಗ ಮಾತ್ರ ಅದನ್ನು ಕೊರಳಿಗಿಳಿಸಬೇಕು.

‘ಗದ್ದಲ ನಿವಾರಣೆ’ ಎಂಬ ಮಂತ್ರವನ್ನು ಈಗ ಎರಡು ಸಾವಿರದ ಪೆಟ್ಟಿಗೆಯ ಮೇಲೂ ಕಾಣುತ್ತೇವೆ. ಇದರ ತತ್ತ್ವ ಸೊಗಸಾದದ್ದು. ಹೊರಗಿನ ಸದ್ದನ್ನು ಸಣ್ಣ ಮೈಕಿನಿಂದ ಹಿಡಿದು, ಅದರ ಅಲೆಗೆ ಸರಿಯಾಗಿ ವಿರುದ್ಧವಾದ ಅಲೆಯನ್ನು ಹುಟ್ಟಿಸಿ, ಎರಡೂ ಒಂದನ್ನೊಂದು ಅಳಿಸಿಕೊಳ್ಳುವಂತೆ ಮಾಡುವುದು. ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲಸಿದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ ಅಮರ್ ಬೋಸ್ ಅವರು 1978ರಲ್ಲಿ ವಿಮಾನಪ್ರಯಾಣದಲ್ಲಿದ್ದಾಗ ಎಂಜಿನ್ನಿನ ಮೊರೆತದಿಂದ ಸಂಗೀತ ಕೇಳಲಾಗದೆ ಬೇಸತ್ತು, ಆಸನದಲ್ಲಿಯೇ ಲೆಕ್ಕ ಹಾಕತೊಡಗಿದರು. ಹನ್ನೊಂದು ವರ್ಷಗಳ ಅನಂತರ, 1989ರಲ್ಲಿ, ವಿಮಾನಚಾಲಕರಿಗೆ ಅಂಥ ಹೆಡ್‌ಫೋನು ಸಿದ್ಧವಾಯಿತು. ಆದರೆ ಈ ವಿದ್ಯೆ ಚೆನ್ನಾಗಿ ನಡೆಯುವುದು ಒಂದೇ ಸಮನೆ ಮೊರೆಯುವ ಮಂದ್ರ ಸದ್ದಿನ ಮೇಲೆ: ಬಸ್ಸಿನ ಎಂಜಿನ್ನು, ಫ್ಯಾನು, ಹವಾನಿಯಂತ್ರಣದ ಗುಂಯ್‌ಗಾಟ. ಅತ್ತೆಯವರ ಧಾರಾವಾಹಿಯ ಮಾತು, ಕುಕ್ಕರಿನ ಸಿಳ್ಳು, ಮಕ್ಕಳ ಜಗಳ ಇವುಗಳ ಮುಂದೆ ಅದು ಸೋಲೊಪ್ಪುತ್ತದೆ. ಅವನ್ನು ತಡೆಯುವುದು ಹಿಂಬದಿ ಮುಚ್ಚಿದ ಬಟ್ಟಲು ಮತ್ತು ಸಂದಿಲ್ಲದೆ ಕೂರುವ ಮೆತ್ತೆ. ಹಿಂಬದಿ ತೆರೆದಿರುವ ಹೆಡ್‌ಫೋನುಗಳೂ ಉಂಟು. ಅವುಗಳ ಧ್ವನಿ ಬಯಲಿನಲ್ಲಿ ಕೇಳಿದಷ್ಟು ಸಹಜ, ಕಿವಿ ಬೆವರುವುದೂ ಕಡಮೆ. ಒಂಟಿಯಾಗಿ ಕೋಣೆಯಿರುವ ಭಾಗ್ಯವಂತರಿಗೆ ಅವು. ಎರಡು ಕೋಣೆಯ ಸಂಸಾರಕ್ಕಲ್ಲ.

ಬೆವರಿನ ಮಾತು ಬಂದಿತು. ಕಡಮೆ ಬೆಲೆಯ ಮೆತ್ತೆಗಳಿಗೆ ಹೊದಿಸಿರುವುದು ಚರ್ಮವಲ್ಲ, ಚರ್ಮದಂತೆ ಕಾಣುವ ಪ್ಲಾಸ್ಟಿಕ್ಕಿನ ಲೇಪ. ಬೆವರೂ ಸೆಕೆಯೂ ತೇವವೂ ಸೇರಿ ಅದನ್ನು ಕ್ರಮೇಣ ಕೊಳೆಯಿಸುತ್ತವೆ. ಆಮೇಲೆ ಕಪ್ಪು ಹೊಟ್ಟು ಕೆನ್ನೆಗೂ ದಿಂಬಿಗೂ ಅಂಟತೊಡಗುತ್ತದೆ. ಬೆಂಗಳೂರು, ಮೈಸೂರುಗಳಲ್ಲಿ ಹೇಗೋ ತಾಳಿಕೊಂಡದ್ದು ಮಂಗಳೂರು, ಕಾರವಾರಗಳ ಹವೆಯಲ್ಲಿ ಬೇಗ ಸೋಲುತ್ತದೆ. ಕರಾವಳಿಯವರು ಬಟ್ಟೆಯ ಅಥವಾ ಮಖಮಲ್ಲಿನ ಮೆತ್ತೆಯಿರುವುದನ್ನು ಹುಡುಕಿದರೆ ಒಳ್ಳೆಯದು. ಎಲ್ಲರೂ ಕೇಳಲೇಬೇಕಾದ ಪ್ರಶ್ನೆಯೆಂದರೆ, ಈ ಮೆತ್ತೆ ಕಳಚಿಕೊಳ್ಳುತ್ತದೆಯೇ, ಬದಲಿ ಮೆತ್ತೆ ಸಿಗುತ್ತದೆಯೇ? ಸಿಗದಿದ್ದಲ್ಲಿ ಒಳಗಿನ ಯಂತ್ರ ಎಷ್ಟು ಗಟ್ಟಿಯಾಗಿದ್ದರೂ ಅದರ ಆಯುಷ್ಯ ಮೆತ್ತೆಯ ಆಯುಷ್ಯವೇ. ನಮ್ಮ ತಾಯಿಯವರು ತಂಗಿಯ ಹೊಸ ಹೆಡ್‌ಫೋನಿಗೆ ಹಳೆಯ ನೂಲಿನ ಸೀರೆಯ ಅಂಚಿನಿಂದ ಎರಡು ಜೊತೆ ಗವುಸುಗಳನ್ನು ಹೊಲಿದುಕೊಟ್ಟಿದ್ದಾರೆ; ವಾರಕ್ಕೊಮ್ಮೆ ಒಗೆಯಬಹುದು. ಮಂದ್ರಸ್ವರ ಕೂದಲೆಳೆಯಷ್ಟು ತಗ್ಗಿತು, ಬೆವರು ಬಹಳ ತಗ್ಗಿತು.

ಹಿತವೆಂಬುದು ಸುಖಿಗಳ ವಿಲಾಸ, ಬಡವರಿಗೆ ಕೇಳಿಸಿದರೆ ಸಾಕು ಎಂದು ಯಾರಾದರೂ ಹೇಳಿಯಾರು. ಅದನ್ನು ನಾನು ಒಪ್ಪಲಾರೆ. ಸರಿಯಾಗಿ ಕೂರದ ಹೆಡ್‌ಫೋನಿನಿಂದ ಹೊರಗಿನ ಗದ್ದಲ ಒಳಗೆ ಬರುತ್ತದೆ. ಅದನ್ನು ಮೀರಲು ನಾವು ಧ್ವನಿಯನ್ನು ಏರಿಸುತ್ತೇವೆ. ಏರಿಸಿದ್ದನ್ನು ಇಳಿಸುವುದು ಮರೆಯುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಮಾನದಂಡದ ಪ್ರಕಾರ ವಯಸ್ಕರು ವಾರಕ್ಕೆ ನಲವತ್ತು ಗಂಟೆ ಕೇಳಬಹುದಾದ ಮಟ್ಟ 80 ಡೆಸಿಬೆಲ್, ಮಕ್ಕಳಿಗೆ 75. ಇದರ ಲೆಕ್ಕ ನಮ್ಮ ಬಡ್ಡಿಯ ಲೆಕ್ಕಕ್ಕಿಂತ ಕಠಿನ. ಮೂರು ಡೆಸಿಬೆಲ್ ಏರಿದರೆ ಅವಧಿ ಅರ್ಧವಾಗುತ್ತದೆ: 83ಕ್ಕೆ ಇಪ್ಪತ್ತು ಗಂಟೆ, 86ಕ್ಕೆ ಹತ್ತು, 89ಕ್ಕೆ ಐದು. ಎಂಟು ಗಂಟೆ ದುಡಿಯುವ ನನ್ನ ತಂಗಿಯಂಥವರು ಗದ್ದಲದ ಕೋಣೆಯಲ್ಲಿ ಆರು ಡೆಸಿಬೆಲ್ ಏರಿಸಿಕೊಂಡರೆ ಇಡೀ ವಾರದ ಪಾಲು ಮಂಗಳವಾರದ ಬೆಳಗ್ಗೆಯೇ ಮುಗಿದುಹೋಗುತ್ತದೆ. ಒಳಗಿವಿಯಲ್ಲಿ ಧ್ವನಿಯನ್ನು ಗ್ರಹಿಸುವ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು ಹದಿನೈದು ಸಾವಿರ. ಹುಟ್ಟುವಾಗ ತಂದದ್ದಷ್ಟೇ, ಸತ್ತುಹೋದವು ಮತ್ತೆ ಚಿಗುರುವುದಿಲ್ಲ. ಮೊದಲು ನಷ್ಟವಾಗುವುದು ತಾರಸ್ವರಗಳ ಗ್ರಹಣ. ಅಂದರೆ ಸಕಾರ, ತಕಾರ, ಫಕಾರಗಳಂಥ ವ್ಯಂಜನಗಳನ್ನು ಬೇರ್ಪಡಿಸುವ ಶಕ್ತಿ. ಕೇಳುವುದರಿಂದಲೇ ಅನ್ನ ಸಂಪಾದಿಸುವವಳಿಗೆ ಅದೇ ಬಂಡವಾಳ.

ಮಕ್ಕಳಿಗೆ ಕೊಳ್ಳುವಾಗ ಧ್ವನಿಗೆ ಮಿತಿಯಿರುವ ಹೆಡ್‌ಫೋನನ್ನೇ ಆರಿಸಬೇಕು. ಅವುಗಳಲ್ಲಿ ಹೆಚ್ಚಿನವು 85 ಡೆಸಿಬೆಲಿಗೆ ನಿಲ್ಲುತ್ತವೆ. ಅದೂ ದಿನವಿಡೀ ಕೇಳುವುದಕ್ಕಲ್ಲ. ದೊಡ್ಡವರ ಹೆಡ್‌ಫೋನನ್ನು ಮಕ್ಕಳ ತಲೆಗೆ ತೊಡಿಸಿದರೆ ಅದು ಸಡಿಲವಾಗಿ ಸಂದು ಬಿಟ್ಟು, ಮಗು ಧ್ವನಿಯನ್ನು ಏರಿಸುವುದಕ್ಕೆ ಅದೇ ನೆಪವಾಗುತ್ತದೆ. ಹಲವು ಫೋನುಗಳಲ್ಲಿ ವಾರವಿಡೀ ಎಷ್ಟು ಧ್ವನಿ ಕೇಳಿದ್ದೇವೆಂಬ ಲೆಕ್ಕವನ್ನು ತೋರಿಸುವ ಏರ್ಪಾಡಿದೆ. ತಂದೆತಾಯಿಗಳು ಅಂಕಪಟ್ಟಿಯ ಜೊತೆಗೆ ಅದನ್ನೂ ನೋಡಲಿ.

ತಂಗಿ ಕಡೆಗೆ ಆರಿಸಿದ್ದು ಎರಡು ಸಾವಿರದ ಆರುನೂರು ರೂಪಾಯಿಯ, ತಂತಿಯ, ಬಟ್ಟಲು ಮುಚ್ಚಿದ, ಬಣ್ಣದಲ್ಲಿ ಅತ್ಯಂತ ನೀರಸವಾದ ಒಂದನ್ನು. ಅದಕ್ಕಿಂತ ಸೊಗಸಾಗಿ ಹಾಡಿದ್ದು ಇನ್ನೊಂದಿತ್ತು. ಆದರೆ ಅದು ಕನ್ನಡಕದ ಕಡ್ಡಿಯನ್ನು ಒತ್ತುತ್ತಿತ್ತು. ಅಂಗಡಿಯ ಹಿರಿಯರು ಬಿಲ್ಲಿನ ಮೇಲೆ ಮೊಹರನ್ನೊತ್ತಿ, ಒಂದು ವರ್ಷದ ಖಾತರಿಗೆ ಅದನ್ನು ತೋರಿಸಬೇಕೆಂದು ಹೇಳಿ, “ಪೆಟ್ಟಿಗೇನ ಒಂದು ವಾರ ಎಸೀಬೇಡಿ ಮೇಡಂ. ಮನೇಲಿ ಎರಡು ಗಂಟೆ ಹಾಕಿ ನೋಡಿ, ನೋವಾದರೆ ತನ್ನಿ, ಬದಲಾಯಿಸಿಕೊಡ್ತೀನಿ” ಎಂದರು. ಆಕೆ ಆ ಪೆಟ್ಟಿಗೆಯನ್ನು ಒಂದು ತಿಂಗಳು ಇಟ್ಟುಕೊಂಡಿದ್ದು, ಆಮೇಲೆ ಮಗನಿಗೆ ಬಣ್ಣದ ಪೆನ್ಸಿಲುಗಳನ್ನು ಹಾಕಿಡಲು ಕೊಟ್ಟಳು.